ಗ್ರಾಫಿಂಗ್ ಕ್ಯಾಲ್ಕುಲೇಟರ್: ಗಣಿತಕ್ಕೆ ಅಂಜುವ ವಿದ್ಯಾರ್ಥಿ ತಿಳಿಯಬೇಕಾದ ಸತ್ಯಗಳು

ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂದರೆ ಸಮೀಕರಣವನ್ನು ನಕ್ಷೆಯಾಗಿ ಬಿಡಿಸಿ ತೋರಿಸುವ ಯಂತ್ರ. ಮಾರುಕಟ್ಟೆಗೆ ಬಂದ ಮೊದಲನೆಯದು 1985ರ ಕ್ಯಾಸಿಯೊ ಎಫ್‌ಎಕ್ಸ್-7000ಜಿ. ಅದರ ಪುಟ್ಟ ಪರದೆಯಲ್ಲಿ ಅಡ್ಡಕ್ಕೆ 96, ಎತ್ತರಕ್ಕೆ 64 ಚುಕ್ಕೆಗಳಿದ್ದವು. ಆ ಯಂತ್ರ ಮಾಡುತ್ತಿದ್ದ ಕೆಲಸ ಇಂದು ಮೊಬೈಲಿನಲ್ಲೇ ಆಗುತ್ತದೆ. ಕ್ರಮ ಮಾತ್ರ ಹಳೆಯದೇ: ಎಕ್ಸ್‌ಗೆ ಒಂದಾದ ಮೇಲೊಂದು ಬೆಲೆ ಕೊಟ್ಟು, ವೈ ಬೆಲೆ ಕಂಡುಹಿಡಿದು, ಚುಕ್ಕೆ ಇಟ್ಟು, ಚುಕ್ಕೆಗಳನ್ನು ಕೂಡಿಸುವುದು. ಹತ್ತನೇ ತರಗತಿಯ ವಿದ್ಯಾರ್ಥಿ ಗ್ರಾಫ್ ಹಾಳೆಯ ಮೇಲೆ ಮಾಡುವುದೂ ಇದನ್ನೇ. ಇಷ್ಟು ಸರಳವಾದ ಸಾಧನದ ಸುತ್ತ ಹಲವು ತಪ್ಪು ಕಲ್ಪನೆಗಳು ಬೆಳೆದಿವೆ. ಅವುಗಳಿಂದ ಹೆಚ್ಚು ನಷ್ಟವಾಗುವುದು ‘ಲೆಕ್ಕ ತಲೆಗೆ ಹತ್ತುವುದಿಲ್ಲ’ ಎನ್ನುವ ವಿದ್ಯಾರ್ಥಿಗಳಿಗೇ.

ತಪ್ಪು ಕಲ್ಪನೆ 1: ಯಂತ್ರವಿದ್ದರೆ ಗಣಿತ ಗೊತ್ತಿರಬೇಕಿಲ್ಲ.

ಸತ್ಯ: ಯಂತ್ರ ಗೆರೆ ಎಳೆಯುತ್ತದೆ. ಸಮೀಕರಣ ಬರೆಯುವುದು, ಎಲ್ಲಿ ನೋಡಬೇಕೆಂದು ಹೇಳುವುದು, ಕಂಡದ್ದಕ್ಕೆ ಅರ್ಥ ಹಚ್ಚುವುದು ವಿದ್ಯಾರ್ಥಿಯ ಪಾಲಿನ ಕೆಲಸ.

ಒಂದು ಉದಾಹರಣೆ ನೋಡಬಹುದು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯೊಂದರಿಂದ ಹರಿಹರಕ್ಕೆ ಸಾಮಾನು ಸಾಗಿಸಬೇಕು. ಒಬ್ಬ ಗೂಡ್ಸ್ ಆಟೊದವರು 200 ರೂಪಾಯಿ ಜೊತೆಗೆ ಕಿಲೋಮೀಟರಿಗೆ 20 ರೂಪಾಯಿ ಕೇಳುತ್ತಾರೆ. ಇನ್ನೊಬ್ಬರು 80 ರೂಪಾಯಿ ಜೊತೆಗೆ ಕಿಲೋಮೀಟರಿಗೆ 30 ರೂಪಾಯಿ ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ದೂರವನ್ನು ಎಕ್ಸ್, ಒಟ್ಟು ಬಾಡಿಗೆಯನ್ನು ವೈ ಎಂದು ಕರೆದರೆ ಎರಡು ಸಮೀಕರಣ ಸಿಗುತ್ತವೆ: ವೈ = 200 + 20ಎಕ್ಸ್, ವೈ = 80 + 30ಎಕ್ಸ್. ಮಾತಿನಲ್ಲಿದ್ದ ಲೆಕ್ಕವನ್ನು ಹೀಗೆ ಸಮೀಕರಣವಾಗಿಸುವ ಹೆಜ್ಜೆಯೇ ಗಣಿತದ ತಿರುಳು. ಗ್ರಾಫಿಂಗ್ ಕ್ಯಾಲ್ಕುಲೇಟರ್ ಈ ಹೆಜ್ಜೆಯನ್ನು ವಿದ್ಯಾರ್ಥಿಯ ಬದಲಿಗೆ ಇಡುವುದಿಲ್ಲ.

ಈಗ ಇವೆರಡನ್ನೂ ಯಂತ್ರಕ್ಕೆ ಕೊಡಬೇಕು. ಹಲವು ಯಂತ್ರಗಳಲ್ಲಿ ಎರಡೂ ಅಕ್ಷಗಳು −10ರಿಂದ 10ರವರೆಗೆ ಮೊದಲೇ ನಿಗದಿಯಾಗಿರುತ್ತವೆ. ಆ ಚೌಕಟ್ಟಿನಲ್ಲಿ ಕಾಣುವುದು ಎಡಭಾಗದ ಎರಡು ಕಡಿದಾದ ಗೆರೆಗಳು ಮಾತ್ರ. ಅದೂ ದೂರ ಸೊನ್ನೆಗಿಂತ ಕಡಿಮೆ ಇರುವ ಕಡೆ, ಅಂದರೆ ಅರ್ಥವೇ ಇಲ್ಲದ ಜಾಗದಲ್ಲಿ. ಎಕ್ಸ್ ಅಕ್ಷವನ್ನು 0ಯಿಂದ 20ಕ್ಕೆ, ವೈ ಅಕ್ಷವನ್ನು 0ಯಿಂದ 600ಕ್ಕೆ ಬದಲಿಸಿದ ಕೂಡಲೇ ಎರಡು ಗೆರೆಗಳು 12 ಕಿಲೋಮೀಟರಿನಲ್ಲಿ, 440 ರೂಪಾಯಿಯಲ್ಲಿ ಸಂಧಿಸುತ್ತವೆ. ಅದಕ್ಕಿಂತ ಹತ್ತಿರಕ್ಕೆ ಎರಡನೆಯ ಆಟೊ ಅಗ್ಗ, ಅದಕ್ಕಿಂತ ದೂರಕ್ಕೆ ಮೊದಲನೆಯದು. ಹರಿಹರದ ದೂರವನ್ನು 14 ಕಿಲೋಮೀಟರ್ ಎಂದು ಹಿಡಿದರೆ ಮೊದಲನೆಯದಕ್ಕೆ 480, ಎರಡನೆಯದಕ್ಕೆ 500 ರೂಪಾಯಿ. ಅಕ್ಷ ಎಷ್ಟರಿಂದ ಎಷ್ಟಕ್ಕೆ ಇರಬೇಕೆಂದು ತೀರ್ಮಾನಿಸಲು ಉತ್ತರ ಸುಮಾರು ಎಲ್ಲಿರಬಹುದು ಎಂಬ ಅಂದಾಜು ಬೇಕು. ಆ ಅಂದಾಜು ಕಟ್ಟುವ ಅಭ್ಯಾಸವನ್ನೇ ಯಂತ್ರ ಬೆಳೆಸುತ್ತದೆ.

ತಪ್ಪು ಕಲ್ಪನೆ 2: ಪರದೆಯ ಮೇಲೆ ಕಂಡದ್ದೇ ಪೂರ್ತಿ ನಕ್ಷೆ.

ಸತ್ಯ: ಪರದೆ ತೋರಿಸುವುದು ನಕ್ಷೆಯ ಒಂದು ತುಣುಕನ್ನು. ವೈ = ಎಕ್ಸ್² + 20 ಎಂಬ ಪರವಲಯ −10ರಿಂದ 10ರ ಚೌಕಟ್ಟಿನಲ್ಲಿ ಕಾಣುವುದೇ ಇಲ್ಲ; ಅದರ ಅತಿ ಕೆಳಗಿನ ಬಿಂದುವೇ 20ರ ಎತ್ತರದಲ್ಲಿದೆ. ವೈ = ಎಕ್ಸ್² − 0.01ಎಕ್ಸ್ ಎಂಬುದಕ್ಕೆ 0 ಮತ್ತು 0.01 ಎಂಬ ಎರಡು ಶೂನ್ಯತೆಗಳಿವೆ. ದೂರದಿಂದ ನೋಡಿದರೆ ಪರವಲಯ ಅಕ್ಷವನ್ನು ಒಂದೇ ಕಡೆ ಮುಟ್ಟಿದಂತೆ ತೋರುತ್ತದೆ. ಹಿಗ್ಗಿಸಿದಾಗ ಮಾತ್ರ ಎರಡು ಛೇದಬಿಂದುಗಳು ಬೇರೆಯಾಗುತ್ತವೆ. ಟ್ಯಾನ್ ಎಕ್ಸ್ ನಕ್ಷೆಯಲ್ಲಿ ಹಳೆಯ ಯಂತ್ರಗಳು ನೆಟ್ಟನೆಯ ಗೆರೆಗಳನ್ನೂ ಎಳೆಯುತ್ತಿದ್ದವು. ಅಲ್ಲಿ ಫಲನಕ್ಕೆ ಬೆಲೆಯೇ ಇಲ್ಲ. ಅಕ್ಕಪಕ್ಕದ ಚುಕ್ಕೆಗಳನ್ನು ಯಂತ್ರ ಕುರುಡಾಗಿ ಕೂಡಿಸಿದ್ದರಿಂದ ಹುಟ್ಟಿದ ಗೆರೆಗಳವು. ಆದ್ದರಿಂದ ಒಂದೇ ನಕ್ಷೆಯನ್ನು ಹಿಗ್ಗಿಸಿ ಒಮ್ಮೆ, ಕುಗ್ಗಿಸಿ ಒಮ್ಮೆ ನೋಡುವುದು ಒಳ್ಳೆಯ ರೂಢಿ.

ತಪ್ಪು ಕಲ್ಪನೆ 3: ವಿಚಿತ್ರ ಉತ್ತರ ಬಂದರೆ ಯಂತ್ರ ಕೆಟ್ಟಿದೆ, ಇಲ್ಲವೇ ತನಗೆ ಗಣಿತ ಬರುವುದಿಲ್ಲ.

ಸತ್ಯ: ಬಹಳಷ್ಟು ಸಲ ಎರಡೂ ಅಲ್ಲ. ಯಂತ್ರ ತನ್ನ ನಿಯಮದಂತೆ ನಡೆದಿರುತ್ತದೆ, ವಿದ್ಯಾರ್ಥಿಗೆ ಆ ನಿಯಮ ಗೊತ್ತಿರುವುದಿಲ್ಲ. −3² ಎಂದು ಒತ್ತಿದರೆ ಸಾಮಾನ್ಯವಾಗಿ ಬರುವುದು −9, ಏಕೆಂದರೆ ಮೊದಲು 3ರ ವರ್ಗ, ಆಮೇಲೆ ಋಣಚಿಹ್ನೆ. 9 ಬೇಕಿದ್ದರೆ (−3)² ಎಂದು ಆವರಣ ಹಾಕಬೇಕು. 1÷2ಎಕ್ಸ್ ಎಂಬುದನ್ನು ಕೆಲವು ಯಂತ್ರಗಳು 1÷(2ಎಕ್ಸ್) ಎಂದು, ಕೆಲವು (1÷2)ಎಕ್ಸ್ ಎಂದು ಓದುತ್ತವೆ; ಇಲ್ಲಿಯೂ ಆವರಣವೇ ದಾರಿ. ಯಂತ್ರ ಡಿಗ್ರಿಯಲ್ಲಿದ್ದಾಗ ಸೈನ್ ಎಕ್ಸ್ ನಕ್ಷೆ −10ರಿಂದ 10ರ ನಡುವೆ ಅಕ್ಷಕ್ಕೆ ಅಂಟಿದ ನೇರ ಗೆರೆಯಂತೆ ಕಾಣುತ್ತದೆ, ಏಕೆಂದರೆ 10 ಡಿಗ್ರಿಯ ಸೈನ್ ಬೆಲೆ ಸುಮಾರು 0.17 ಮಾತ್ರ. ರೇಡಿಯನ್‌ಗೆ ಬದಲಿಸಿದರೆ ಪರಿಚಿತ ಅಲೆ ಕಾಣಿಸುತ್ತದೆ. ಆವರಣ, ಕೋನದ ಮಾನ, ಅಕ್ಷದ ಅಳತೆ: ಈ ಮೂರನ್ನು ಮೊದಲು ಪರೀಕ್ಷಿಸಿದರೆ ಅರ್ಧ ಗಾಬರಿ ಅಲ್ಲಿಗೇ ಮುಗಿಯುತ್ತದೆ.

ತಪ್ಪು ಕಲ್ಪನೆ 4: ಕ್ಯಾಲ್ಕುಲೇಟರ್ ಹಿಡಿದರೆ ಬುದ್ಧಿ ಮಂಕಾಗುತ್ತದೆ.

ಸತ್ಯ: ಇದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಏಮಿ ಎಲಿಂಗ್ಟನ್ 2003ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಪಾಠದಲ್ಲೂ ಪರೀಕ್ಷೆಯಲ್ಲೂ ಕ್ಯಾಲ್ಕುಲೇಟರ್ ಬಳಸಿದ ವಿದ್ಯಾರ್ಥಿಗಳ ಲೆಕ್ಕ ಮಾಡುವ ಹಾಗೂ ಸಮಸ್ಯೆ ಬಿಡಿಸುವ ಕೌಶಲ ಸುಧಾರಿಸಿದ್ದು ಕಂಡುಬಂತು. ಗಣಿತದ ಬಗ್ಗೆ ಅವರ ಮನೋಭಾವವೂ ಉತ್ತಮವಾಗಿತ್ತು. ಎಚ್ಚರಿಕೆಯೂ ಇದೆ: 1986ರಲ್ಲಿ ಹೆಂಬ್ರಿ ಮತ್ತು ಡೆಸಾರ್ಟ್ 79 ಅಧ್ಯಯನಗಳನ್ನು ಪರಿಶೀಲಿಸಿದಾಗ ನಾಲ್ಕನೇ ತರಗತಿಯ ಮಕ್ಕಳಲ್ಲಿ ನಿರಂತರ ಬಳಕೆ ಮೂಲ ಕೌಶಲಗಳಿಗೆ ಅಡ್ಡಿಯಾದಂತೆ ಕಂಡಿತ್ತು. ಮಗ್ಗಿ, ಭಿನ್ನರಾಶಿ ಕೈವಶವಾದ ಮೇಲೆ ಯಂತ್ರ ಕೈಗೆ ಬರುವುದು ಕ್ಷೇಮ.

ಗಣಿತದ ಭಯಕ್ಕೂ ಯಂತ್ರದ ಬಳಕೆಗೂ ನಂಟಿದೆ. ಮಾರ್ಕ್ ಆಶ್‌ಕ್ರಾಫ್ಟ್ ಮೊದಲಾದವರ ಸಂಶೋಧನೆ ತೋರಿಸುವಂತೆ, ಲೆಕ್ಕದ ಮುಂದೆ ಕುಳಿತಾಗ ಹುಟ್ಟುವ ಆತಂಕ ಮನಸ್ಸು ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ನೆನಪಿನ ಜಾಗವನ್ನೇ ಆಕ್ರಮಿಸುತ್ತದೆ. ಹಾಗಾಗಿ ಬಲ್ಲ ಲೆಕ್ಕವೂ ಕೈತಪ್ಪುತ್ತದೆ. ಚುಕ್ಕೆ ಇಡುವ ಹೊರೆಯನ್ನು ಯಂತ್ರ ಹೊತ್ತರೆ, ‘ಈ ಸಂಖ್ಯೆ ಬದಲಿಸಿದರೆ ಗೆರೆ ಹೇಗೆ ವಾಲುತ್ತದೆ’ ಎಂದು ಯೋಚಿಸಲು ಜಾಗ ಉಳಿಯುತ್ತದೆ. ಎಷ್ಟು ಸಲ ತಪ್ಪಿದರೂ ಯಂತ್ರ ಗದರುವುದಿಲ್ಲ. ಹಿಂಜರಿಯುವ ವಿದ್ಯಾರ್ಥಿಗೆ ಇದು ಸಣ್ಣ ಅನುಕೂಲವಲ್ಲ.

ತಪ್ಪು ಕಲ್ಪನೆ 5: ಇದಕ್ಕೆ ದುಬಾರಿ ಯಂತ್ರ ಕೊಳ್ಳಬೇಕು.

ಸತ್ಯ: ಮನೆಯಲ್ಲಿರುವ ಫೋನ್ ಸಾಕು. ನಕ್ಷೆ ಬಿಡಿಸುವ ಡೆಸ್ಮೋಸ್ ಮತ್ತು ಜಿಯೋಜೀಬ್ರಾ ಎಂಬ ಆ್ಯಪ್‌ಗಳು ವಿದ್ಯಾರ್ಥಿಗಳಿಗೆ ಉಚಿತ. ಫೋನಿಗೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದಾಗಲೂ ಕೆಲಸ ಮಾಡುತ್ತವೆ. ಜಿಯೋಜೀಬ್ರಾವನ್ನು ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದರು. ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗೆ ಇದರ ತರಬೇತಿ ನಡೆದಿದೆ. ಇಂಜಿನಿಯರಿಂಗ್ ಕಾಲೇಜುಗಳ ಊರಾದ ದಾವಣಗೆರೆಯಲ್ಲಿ ಅಕ್ಕನ ಅಥವಾ ಅಣ್ಣನ ಬ್ಯಾಗಿನಲ್ಲಿ ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ಇರುವುದೂ ಉಂಟು. ಅದು ನಕ್ಷೆ ಬಿಡಿಸುವುದಿಲ್ಲ. ಆದರೆ ಅದರ ಟೇಬಲ್ ವ್ಯವಸ್ಥೆ ಎಕ್ಸ್ ಬೆಲೆಗಳಿಗೆ ತಕ್ಕ ಫಲನದ ಬೆಲೆಗಳನ್ನು ಪಟ್ಟಿ ಮಾಡಿ ಕೊಡುತ್ತದೆ. ಗ್ರಾಫ್ ಹಾಳೆಗೆ ಬೇಕಾದದ್ದು ಆ ಪಟ್ಟಿಯೇ.

ತಪ್ಪು ಕಲ್ಪನೆ 6: ಪರೀಕ್ಷೆಗೆ ಬಿಡುವುದಿಲ್ಲ, ಆದ್ದರಿಂದ ಕಲಿತು ಪ್ರಯೋಜನವಿಲ್ಲ.

ಸತ್ಯ: ಮೊದಲ ಭಾಗ ನಿಜ. ಎಸ್ಸೆಸ್ಸೆಲ್ಸಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಸಿಇಟಿ, ಜೆಇಇ ಮೇನ್, ನೀಟ್‌ಗಳಲ್ಲೂ ಇಲ್ಲ. ವಿದೇಶದಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳ ಸ್ಥಿತಿ ಬೇರೆ: ಅಮೆರಿಕದ ಡಿಜಿಟಲ್ ಎಸ್‌ಎಟಿ ಪರೀಕ್ಷೆಯ ಪರದೆಯಲ್ಲೇ ಡೆಸ್ಮೋಸ್ ಇರುತ್ತದೆ. ಹಾಗೆಂದು ಇಲ್ಲಿಯ ವಿದ್ಯಾರ್ಥಿಗೆ ಅದು ವ್ಯರ್ಥವಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷೆಯ ಮೂಲಕ ಬಿಡಿಸುವುದಿದೆ, ದ್ವಿತೀಯ ಪಿಯುಸಿಯಲ್ಲಿ ರೇಖಾತ್ಮಕ ಕ್ರಮವಿಧಿಯಿದೆ. ಎರಡರಲ್ಲೂ ಕೈಯಿಂದಲೇ ನಕ್ಷೆ ಬಿಡಿಸಬೇಕು. ಮನೆಯಲ್ಲಿ ಮೊದಲು ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಆಮೇಲೆ ಫೋನಿನಲ್ಲಿ ತಾಳೆ ನೋಡಿದರೆ ತಪ್ಪು ಯಾವ ಚುಕ್ಕೆಯಲ್ಲಿ ಆಯಿತೆಂದು ಆಗಲೇ ಗೊತ್ತಾಗುತ್ತದೆ. ಈ ಕ್ರಮ ತಲೆಕೆಳಗಾಗಬಾರದು: ಫೋನಿನಲ್ಲಿ ನೋಡಿ ಹಾಳೆಗೆ ನಕಲು ಮಾಡಿದರೆ ಅಭ್ಯಾಸವಾಗುವುದು ನಕಲು ಮಾತ್ರ.

ಗ್ರಾಫಿಂಗ್ ಕ್ಯಾಲ್ಕುಲೇಟರ್ ಗಣಿತದಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ, ಅಡ್ಡದಾರಿಯೂ ಅಲ್ಲ. ಅಂದಾಜು ಮಾಡಿ, ಕೈಯಿಂದ ಬಿಡಿಸಿ, ಯಂತ್ರದಲ್ಲಿ ತಾಳೆ ನೋಡಿ, ವ್ಯತ್ಯಾಸ ಬಂದರೆ ಕಾರಣ ಹುಡುಕುವ ವಿದ್ಯಾರ್ಥಿಗೆ ಅದು ನಿಜವಾದ ಸಹಾಯ ಮಾಡುತ್ತದೆ. ಗಣಿತಕ್ಕೆ ಅಂಜುವ ಮಕ್ಕಳಿಂದ ಪಾಲಕರು ಮತ್ತು ಶಿಕ್ಷಕರು ಅದನ್ನು ದೂರ ಇಡದೆ, ಸರಿಯಾಗಿ ಬಳಸುವುದನ್ನು ಪಕ್ಕದಲ್ಲಿ ಕುಳಿತು ಕಲಿಸಬೇಕು.