ಸ್ಟೇಷನ್‌ಗೆ ಹೋಗುವ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ

ಅಂಬರನಾಥದ ಬಹಳಷ್ಟು ಸ್ಕೂಟರುಗಳು ದೂರ ಓಡುವುದೇ ಇಲ್ಲ. ಬೆಳಿಗ್ಗೆ ಮನೆಯಿಂದ ಸ್ಟೇಷನ್, ರಾತ್ರಿ ಸ್ಟೇಷನ್ನಿಂದ ಮನೆ. ಯಜಮಾನರು ಲೋಕಲ್ ಹಿಡಿದು ಠಾಣೆಗೋ ಮುಂಬಯಿಗೋ ಹೋದ ಮೇಲೆ ಗಾಡಿ ಪಾರ್ಕಿಂಗಿನಲ್ಲಿ ಇಡೀ ದಿನ ನಿಂತಿರುತ್ತದೆ, ಮಳೆಗಾಲದಲ್ಲಿ ನೆನೆಯುತ್ತಲೇ ನಿಂತಿರುತ್ತದೆ. ಬದಲಾಪುರ, ಡೊಂಬಿವಲಿ, ಕಲ್ಯಾಣದ ಗಾಡಿಗಳದ್ದೂ ಇದೇ ದಿನಚರಿ. ಈ ದಿನಚರಿಯನ್ನು ಅರ್ಥ ಮಾಡಿಕೊಂಡರೆ ಎಂಎಚ್-05 ನಂಬರಿನ ಗಾಡಿಗಳ ಅರ್ಧ ಎಲೆಕ್ಟ್ರಿಕಲ್ ಕಾಯಿಲೆ ಅರ್ಥವಾದಂತೆಯೇ ಎಂದು ನನ್ನ ನಂಬಿಕೆ.

ಸ್ವಲ್ಪ ಲೆಕ್ಕ ಹಾಕೋಣ. ಸೆಲ್ಫ್ ಸ್ಟಾರ್ಟ್ ಒತ್ತಿದಾಗ ಮೋಟರು ಅಂದಾಜು 40 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಮೂರು ಸೆಕೆಂಡ್ ಒತ್ತಿದರೆ, ಅಷ್ಟನ್ನು ಬ್ಯಾಟರಿಗೆ ಹಿಂದಿರುಗಿಸಲು 1 ಆಂಪಿಯರ್ ಚಾರ್ಜಿಂಗ್‌ನಲ್ಲಿ ಎರಡು ನಿಮಿಷ ಬೇಕು. ನಡುವೆ ಆಗುವ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು. ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಇದು ದೊಡ್ಡ ಹೊರೆಯಲ್ಲ. ಆದರೆ ಒದ್ದೆ ಬೆಳಿಗ್ಗೆ ನಾಲ್ಕೈದು ಬಾರಿ ಹತ್ತು ಹತ್ತು ಸೆಕೆಂಡ್ ಒತ್ತಿ, ಆಮೇಲೆ ಕಲ್ಯಾಣ–ಬದಲಾಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಬ್ರೇಕ್ ಹಿಡಿದುಕೊಂಡೇ ಐಡ್ಲಿಂಗ್‌ನಲ್ಲಿ ನಿಂತು, ಎರಡು ಕಿಲೋಮೀಟರ್ ದಾಟಿ ಗಾಡಿ ಬಂದ್ ಮಾಡಿದರೆ ಹೋದದ್ದು ಮರಳಿ ತುಂಬುವುದಿಲ್ಲ. ಐಡ್ಲಿಂಗ್‌ನಲ್ಲಿ ಮ್ಯಾಗ್ನೆಟ್ (ಎಂಜಿನ್ ಜೊತೆ ತಿರುಗಿ ವಿದ್ಯುತ್ತು ಹುಟ್ಟಿಸುವ ಭಾಗ) ಕೊಡುವ ಕರೆಂಟೇ ಕಡಿಮೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಕೂಡ ಹಗಲಿಡೀ ಉರಿಯುತ್ತಿರುತ್ತದೆ. ಸ್ಕೂಟರಿನ ಬ್ಯಾಟರಿಯೋ 3ರಿಂದ 5 ಆಂಪಿಯರ್-ಅವರ್‌ನ ಪುಟ್ಟ ಡಬ್ಬ. ಅರೆಹೊಟ್ಟೆಯಲ್ಲಿ ದಿನ ದೂಡುವ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಅದರ ಆಯಸ್ಸು ಮುಂಚೆಯೇ ಮುಗಿಯುತ್ತದೆ. ವಾರಕ್ಕೊಮ್ಮೆ ಭಾನುವಾರ ಮುಕ್ಕಾಲು ಗಂಟೆ ಒಂದೇ ಓಟ ಓಡಿಸುವುದು ಇದಕ್ಕೆ ಒಳ್ಳೆಯ ಮದ್ದು.

ಗಾಡಿ ಕೈಕೊಟ್ಟಾಗ ಬಿಡಿಭಾಗದ ಅಂಗಡಿಗೆ ಓಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಸೆಲ್ಫ್ ತಿರುಗುತ್ತಲೇ ಇಲ್ಲವೋ, ತಿರುಗುತ್ತದೆ ಆದರೆ ಎಂಜಿನ್ ಹತ್ತಿಕೊಳ್ಳುತ್ತಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಮೊದಲನೆಯದಕ್ಕೆ ಪ್ಲಗ್ ಬದಲಿಸುವುದು, ಎರಡನೆಯದಕ್ಕೆ ಬ್ಯಾಟರಿ ಕೊಳ್ಳುವುದು, ಇವೇ ನಮ್ಮಲ್ಲಿ ದಿನವೂ ನಡೆಯುವ ದುಡ್ಡಿನ ನಷ್ಟ.

ಸೆಲ್ಫ್ ತಿರುಗದಿದ್ದರೆ ಕೀ ಆನ್ ಮಾಡಿ ಹಾರ್ನ್ ಒತ್ತಿ. ಹಾರ್ನ್ ಗಂಟಲು ಕಟ್ಟಿದಂತೆ ಕೇಳಿಸಿ, ಸ್ಟಾರ್ಟ್ ಬಟನ್ ಒತ್ತಿದಾಗ ರಿಲೇ ಕಟಕಟ ಎಂದು ಬಡಿದುಕೊಂಡರೆ ಒಂದೋ ಬ್ಯಾಟರಿ ಬರಿದಾಗಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲ. ಎರಡನೆಯದನ್ನು ಮೊದಲು ನೋಡಿ, ಅದಕ್ಕೆ ಸ್ಕ್ರೂಡ್ರೈವರ್ ಸಾಕು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಉಜ್ಜಿ ತೆಗೆದು, ಬಿಗಿಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಪ್ಲಸ್ ಮೊದಲು. ಗಾಡಿಯ ಇಡೀ ಚಾಸಿಗೆ ಮೈನಸ್ ಸೇರಿಕೊಂಡಿರುತ್ತದೆ. ಮೈನಸ್ ಬಿಚ್ಚದೆ ಪ್ಲಸ್‌ಗೆ ಸ್ಪ್ಯಾನರ್ ಹಾಕಿದಾಗ ಅದು ಚಾಸಿಗೆ ತಗುಲಿದರೆ ನೇರ ಶಾರ್ಟ್.

ರಿಲೇ ಒಂದೇ ಒಂದು ಸಲ ಟಕ್ ಎಂದು ಸುಮ್ಮನಾದರೆ, ಹಾರ್ನ್ ಜೋರಾಗಿಯೇ ಇದ್ದರೆ, ಸ್ಟಾರ್ಟರ್ ಮೋಟರಿನ ಕಾರ್ಬನ್ ಬ್ರಷ್ ಸವೆದಿರಬಹುದು. 2020ರ ನಂತರದ ಕೆಲವು ಗಾಡಿಗಳಲ್ಲಿ ಬೇರೆ ಸ್ಟಾರ್ಟರ್ ಮೋಟರೇ ಇಲ್ಲ, ಮ್ಯಾಗ್ನೆಟೇ ಮೋಟರಾಗಿ ಎಂಜಿನ್ನನ್ನು ಸದ್ದಿಲ್ಲದೆ ತಿರುಗಿಸುತ್ತದೆ. ಅಂಥವುಗಳಲ್ಲಿ ಈ ಸದ್ದಿನ ಲೆಕ್ಕ ನಡೆಯುವುದಿಲ್ಲ.

ಏನೂ ಸದ್ದಿಲ್ಲ, ಆದರೆ ಇಂಡಿಕೇಟರ್, ಹಾರ್ನ್ ಎಲ್ಲ ಚೆನ್ನಾಗಿವೆ ಅಂದರೆ? ಆಗ ನಾನು ಮೊದಲು ನೋಡುವುದು ಬ್ರೇಕ್ ಲೈಟು. ಬ್ರೇಕ್ ಹಿಡಿಯದೆ ಗೇರ್‌ಲೆಸ್ ಸ್ಕೂಟರಿನ ಸೆಲ್ಫ್ ಕೆಲಸ ಮಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸ್ಟಾರ್ಟ್ ಬಟನ್ನಿಗೆ ಕರೆಂಟ್ ಹೋಗಲು ಅಪ್ಪಣೆ ಕೊಡುವುದು ಬ್ರೇಕ್ ಲಿವರಿನ ಬುಡದಲ್ಲಿರುವ ಚಿಕ್ಕ ಸ್ವಿಚ್ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮಳೆನೀರು, ಧೂಳು ಸೇರಿ ಅದು ಜಡವಾಗುತ್ತದೆ. ಎಡ ಬ್ರೇಕ್ ಹಿಡಿದಾಗ ಹಿಂದಿನ ಲೈಟ್ ಹತ್ತದಿದ್ದರೆ ಬಲ ಬ್ರೇಕ್ ಹಿಡಿದು ಸ್ಟಾರ್ಟ್ ಮಾಡಿ ನೋಡಿ. ಹತ್ತಿಕೊಂಡರೆ ಖರ್ಚು ಒಂದು ಸಣ್ಣ ಸ್ವಿಚ್ಚಿನದ್ದು ಮಾತ್ರ. ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಸ್ಟಾರ್ಟ್ ಆಗದ ವ್ಯವಸ್ಥೆ ಇರುವ ಗಾಡಿಗಳಲ್ಲಿ ಆ ಸ್ಟ್ಯಾಂಡಿನ ಸ್ವಿಚ್‌ಗೂ ಕೆಸರು ಮೆತ್ತಿ ಇದೇ ತೊಂದರೆ ಬರುತ್ತದೆ.

ಒಂದು ಮಲ್ಟಿಮೀಟರ್ ಮನೆಯಲ್ಲಿದ್ದರೆ ಊಹೆಗಳೆಲ್ಲ ನಿಲ್ಲುತ್ತವೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಮೇಲಿದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಸ್ಟಾರ್ಟ್ ಒತ್ತುತ್ತಿರುವಾಗ 9.5ಕ್ಕಿಂತ ಕೆಳಗೆ ಕುಸಿದರೆ, ತುಂಬಿದಂತೆ ಕಂಡರೂ ಬ್ಯಾಟರಿಗೆ ತ್ರಾಣವಿಲ್ಲ. ಎಂಜಿನ್ ಓಡುವಾಗ ಎಕ್ಸಿಲರೇಟರ್ ಸ್ವಲ್ಪ ಏರಿಸಿದರೆ ಮೀಟರ್ 13.5ರಿಂದ 14.8ರ ಒಳಗೆ ನಿಲ್ಲಬೇಕು. ಏರದೆ 12ರ ಆಸುಪಾಸಿನಲ್ಲೇ ಉಳಿದರೆ ಚಾರ್ಜಿಂಗ್ ಇಲ್ಲ. ಮ್ಯಾಗ್ನೆಟ್ ಕಾಯಿಲ್, ಅದರ ಕನೆಕ್ಟರ್ ಅಥವಾ ಆರ್‌ಆರ್ ಯೂನಿಟ್ ಎಂದು ಕರೆಯುವ ರೆಗ್ಯುಲೇಟರ್ ನೋಡಬೇಕು. 15 ದಾಟಿದರೆ ಅದೇ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಬಲ್ಬುಗಳು ಪದೇ ಪದೇ ಸುಡುತ್ತವೆ, ಬ್ಯಾಟರಿ ಬೇಯುತ್ತದೆ. ಈ ಪರೀಕ್ಷೆ ಮಾಡದೆ ಹೊಸ ಬ್ಯಾಟರಿ ಹಾಕಿಸಿಕೊಂಡರೆ ಅದೂ ಕೆಲವೇ ತಿಂಗಳಲ್ಲಿ ಹಳೆಯದರ ದಾರಿ ಹಿಡಿಯುತ್ತದೆ.

ಇನ್ನು ಎರಡನೆಯ ಕಾಯಿಲೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹತ್ತಿಕೊಳ್ಳುವುದಿಲ್ಲ. ಇಲ್ಲಿನ ಮೆಕ್ಯಾನಿಕ್‌ಗಳು ಹೇಳುವಂತೆ ‘ಕರೆಂಟ್ ಬರ್ತಿಲ್ಲ’. ಈ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಹಳೆಯ ಬಜಾಜ್ ಚೇತಕ್‌ನಿಂದ ಶುರುಮಾಡುವುದು ಒಳ್ಳೆಯದು.

1972ರಲ್ಲಿ ಪುಣೆಯಿಂದ ಹೊರಟ ಚೇತಕ್‌ಗೆ ಸ್ಟಾರ್ಟ್ ಆಗಲು ಬ್ಯಾಟರಿಯೇ ಬೇಕಿರಲಿಲ್ಲ. ಕಿಕ್ ಹೊಡೆದಾಗ ಅಯಸ್ಕಾಂತ ಹೊತ್ತ ಫ್ಲೈವೀಲ್ ಕಾಯಿಲುಗಳ ಸುತ್ತ ತಿರುಗಿ ತಾನೇ ವಿದ್ಯುತ್ತು ಹುಟ್ಟಿಸುತ್ತಿತ್ತು, ಕಿಡಿಗೆ ಅಷ್ಟು ಸಾಕು. ಗೇರ್ ಗಾಡಿಯಾದ್ದರಿಂದ ತಳ್ಳಿಯೂ ಸ್ಟಾರ್ಟ್ ಮಾಡಬಹುದಿತ್ತು. 2001ರಲ್ಲಿ ಆಕ್ಟಿವಾ ಬಂದ ಮೇಲೆ ಗೇರ್‌ಲೆಸ್ ಗಾಡಿಗಳೇ ಬೀದಿ ತುಂಬಿದವು. ಇವನ್ನು ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ಎಂಜಿನ್ನಿನ ವೇಗ ಏರಿದಾಗ ಮಾತ್ರ ಕ್ಲಚ್ ಹರಡಿಕೊಂಡು ಚಕ್ರವನ್ನು ಹಿಡಿಯುತ್ತದೆ. ಚಕ್ರ ತಿರುಗಿಸಿ ಎಂಜಿನ್ ತಿರುಗಿಸಲು ದಾರಿಯಿಲ್ಲ. ಹಾಗಾಗಿ ಮಳೆಯಲ್ಲಿ ಮಕ್ಕಳನ್ನು ಕರೆದು ತಳ್ಳಿಸುವುದು ಬರಿಯ ಆಯಾಸ. ಕಾರ್ಬ್ಯುರೇಟರ್ ಕಾಲದ ಕೆಲವು ಸ್ಕೂಟರುಗಳಲ್ಲಿ ಬ್ಯಾಟರಿ ಸತ್ತರೂ ಕಿಕ್ ಕೆಲಸ ಮಾಡುತ್ತಿತ್ತು, ಕೆಲವದರಲ್ಲಿ ಇಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದು ಫ್ಯುಯೆಲ್ ಇಂಜೆಕ್ಷನ್ ಸೇರಿಕೊಂಡ ಮೇಲೆ ಲೆಕ್ಕವೇ ಬದಲಾಯಿತು. ಈಗ ಪೆಟ್ರೋಲ್ ಪಂಪಿಗೂ ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರಿಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಬರಿದಾದರೆ ಎಷ್ಟು ಕಿಕ್ ಹೊಡೆದರೂ ಹತ್ತಿಕೊಳ್ಳುವುದು ಕಷ್ಟ.

ಕಿಡಿ ಹುಟ್ಟುವ ಬಗೆ ಮಾತ್ರ ಈಗಿನ ಗಾಡಿಗಳಲ್ಲೆಲ್ಲ ಬಹುಮಟ್ಟಿಗೆ ಒಂದೇ ಸರಪಣಿ. ಫ್ಲೈವೀಲಿನ ಮೇಲಿನ ಉಬ್ಬು ಪಲ್ಸರ್ ಕಾಯಿಲಿನ ಎದುರು ಹಾದುಹೋದಾಗ ಅದರಲ್ಲಿ ಒಂದು ಪುಟ್ಟ ಸಂಕೇತ ಏಳುತ್ತದೆ: ಪಿಸ್ಟನ್ ಇನ್ನೇನು ಮೇಲೆ ಬಂತು ಎಂದು. ಸಂಕೇತ ಸಿಕ್ಕ ಸಿಡಿಐ ಪೆಟ್ಟಿಗೆ ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ನೂರಾರು ವೋಲ್ಟನ್ನು ಇಗ್ನಿಷನ್ ಕಾಯಿಲಿಗೆ ಒಮ್ಮೆಲೇ ಬಿಡುತ್ತದೆ. ಇಂಜೆಕ್ಷನ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇಸಿಯು ಕಾಯಿಲಿನಲ್ಲಿ ಹರಿಯುತ್ತಿರುವ ಪ್ರವಾಹವನ್ನು ತಟ್ಟನೆ ಕಡಿಯುತ್ತದೆ. ಎರಡರಲ್ಲೂ ಕಾಯಿಲಿನ ಒಳಸುತ್ತುಗಳು ವೋಲ್ಟೇಜನ್ನು ಹತ್ತಿಪ್ಪತ್ತು ಸಾವಿರಕ್ಕೆ ಏರಿಸುತ್ತವೆ. ಅದು ದಪ್ಪ ವೈರಿನಲ್ಲಿ ಹರಿದು, ಪ್ಲಗ್ ಕ್ಯಾಪ್ ದಾಟಿ, ಪ್ಲಗ್ಗಿನ ತುದಿಯ ಒಂದು ಮಿಲಿಮೀಟರಿಗೂ ಕಡಿಮೆಯ ಸಂದಿಯನ್ನು ಹಾರುತ್ತದೆ. ಅಷ್ಟು ವೋಲ್ಟೇಜಿಗೆ ಹೊರಗೆ ಸೋರಿಹೋಗಲು ಕ್ಯಾಪಿನ ರಬ್ಬರಿನಲ್ಲಿ ಒಂದು ಬಿರುಕು, ಬಿರುಕಿನಲ್ಲಿ ಒಂದು ಹನಿ ನೀರು ಸಾಕು. ಜುಲೈ ಬೆಳಿಗ್ಗೆ ಮಿಸ್ಸಿಂಗ್ ಹೊಡೆದು ಬಿಸಿಲು ಬಂದ ಮೇಲೆ ಸರಿಯಾಗುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ಕ್ಯಾಪನ್ನು. ಇದನ್ನು ನೋಡದೆ ಸಿಡಿಐ ಬದಲಿಸುವವರು ಇದ್ದಾರೆ. ಸರಪಣಿಯ ಅತಿ ದುಬಾರಿ ಕೊಂಡಿಯನ್ನು ಕೊನೆಗೆ ಮುಟ್ಟಬೇಕು. ಕೆಡುವುದು ಹೆಚ್ಚಾಗಿ ಜಾಯಿಂಟು, ಸ್ವಿಚ್ಚು, ಕ್ಯಾಪು.

ಕಿಡಿ ನೋಡುವ ಹಳೆಯ ಪರೀಕ್ಷೆ ಈಗಲೂ ನಡೆಯುತ್ತದೆ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಭಾಗಕ್ಕೆ ಗಟ್ಟಿಯಾಗಿ ತಾಗುವಂತೆ ಇಟ್ಟು ಸೆಲ್ಫ್ ತಿರುಗಿಸಬೇಕು. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಬಂದರೆ ಸರಿ. ಕೆಂಪಗೆ ಸೊರಗಿದ್ದರೆ ದುರ್ಬಲ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು, ಹೃದಯಕ್ಕೆ ಪೇಸ್‌ಮೇಕರ್ ಇಟ್ಟುಕೊಂಡವರು ಹತ್ತಿರವೂ ಬರಬಾರದು. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಹೊರಬರುವುದರಿಂದ ಕಿಡಿ ಅದರಿಂದ ದೂರವಿರಲಿ. ಕ್ಯಾಪನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಸೆಲ್ಫ್ ತಿರುಗಿಸಿದರೆ ದಾರಿ ಸಿಗದ ವೋಲ್ಟೇಜ್ ಕಾಯಿಲನ್ನೋ ಸಿಡಿಐಯನ್ನೋ ಸುಡಬಹುದು. ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ, ಆಮೇಲೆ ಕ್ಯಾಪ್, ಆಮೇಲೆ ಕಾಯಿಲಿನ ಕನೆಕ್ಟರ್.

ಬಿಚ್ಚಿದ ಪ್ಲಗ್ಗನ್ನು ಒರೆಸುವ ಮುಂಚೆ ಒಮ್ಮೆ ಬೆಳಕಿಗೆ ಹಿಡಿಯಿರಿ. ತುದಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಪೆಟ್ರೋಲಿನಲ್ಲಿ ನೆಂದಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಸಾಲದು. ತೀರಾ ಒಣಗಿದ್ದರೆ ತೊಂದರೆ ಕಿಡಿಯದ್ದಲ್ಲ, ಪೆಟ್ರೋಲಿನದ್ದೇ ಇರಬಹುದು. ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿದ ಕೂಡಲೇ ಪಂಪು ಒಂದೆರಡು ಸೆಕೆಂಡ್ ಗುಂಯ್ ಎನ್ನಬೇಕು. ಆ ಸದ್ದಿಲ್ಲದಿದ್ದರೆ ಫ್ಯೂಸ್, ಪಂಪಿನ ಕನೆಕ್ಟರ್ ನೋಡಿ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತಿದ್ದರೆ, ಎಷ್ಟು ಉದ್ದ, ಎಷ್ಟು ಚಿಕ್ಕ ಮಿನುಗು ಎಂದು ಎಣಿಸಿ ಬರೆದಿಡಿ, ಇಲ್ಲವೇ ಮೊಬೈಲಿನಲ್ಲಿ ವಿಡಿಯೋ ಮಾಡಿ. ಹೋಂಡಾ ಗಾಡಿಗಳಲ್ಲಿ ಉದ್ದದ ಮಿನುಗು ಹತ್ತು, ಚಿಕ್ಕದು ಒಂದು. ಯಾವ ಸೆನ್ಸರ್ ಕೆಟ್ಟಿದೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ.

ತುಂಬ ಕಾಡುವುದು ಬಿಸಿಯಾದ ಮೇಲೆ ಬಂದ್ ಬೀಳುವ ಗಾಡಿ. ಬೆಳಿಗ್ಗೆ ಸರಾಗವಾಗಿ ಸ್ಟಾರ್ಟ್ ಆಗಿ, ಇಪ್ಪತ್ತು ನಿಮಿಷ ಓಡಿ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದಾಗ ಎಲ್ಲವೂ ಸರಿ. ಪಲ್ಸರ್ ಕಾಯಿಲ್ ಅಥವಾ ಇಗ್ನಿಷನ್ ಕಾಯಿಲಿನೊಳಗಿನ ಕೂದಲೆಳೆಯಂಥ ತಂತಿ ಎಲ್ಲೋ ಬಿರುಕು ಬಿಟ್ಟು, ಬಿಸಿಗೆ ಹಿಗ್ಗಿದಾಗ ಸಂಪರ್ಕ ತಪ್ಪಿ, ತಣಿದಾಗ ಮತ್ತೆ ಕೂಡಿಕೊಳ್ಳುವುದು ಇದಕ್ಕೆ ಕಾರಣವಾಗಬಲ್ಲದು. ಪೆಟ್ರೋಲ್ ಟ್ಯಾಂಕಿನ ಗಾಳಿಕಿಂಡಿ ಕಟ್ಟಿಕೊಂಡರೂ ಇದೇ ಲಕ್ಷಣ. ಗಾಡಿ ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆರೆದು ಮುಚ್ಚಿ. ಕೂಡಲೇ ಹತ್ತಿಕೊಂಡರೆ ಕಿಂಡಿಯ ತೊಂದರೆ. ಹತ್ತಿಕೊಳ್ಳದಿದ್ದರೆ, ಮುಚ್ಚಳ ಬಿಗಿಯಾಗಿ ಮುಚ್ಚಿದೆಯೆಂದು ನೋಡಿಕೊಂಡು, ಗಾಡಿ ತಣಿಯುವ ಮುಂಚೆ ಸೈಲೆನ್ಸರಿಗೆ ಕೈ ತಾಗದಂತೆ ಕಿಡಿ ಪರೀಕ್ಷೆ ಮಾಡಬೇಕು. ತಣ್ಣಗಿನ ಗಾಡಿಯನ್ನು ಪರೀಕ್ಷಿಸಿ ಈ ಕಾಯಿಲೆ ಹಿಡಿಯಲಾಗುವುದಿಲ್ಲ.

ಫ್ಯೂಸ್ ಹೋದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಿ. ತಂತಿ ಸುತ್ತುವುದು, ಸಿಗರೇಟ್ ಪ್ಯಾಕಿನ ಬೇಗಡೆ ಹಚ್ಚುವುದು ಸೀಟಿನ ಕೆಳಗೆ ಬೆಂಕಿ ಇಟ್ಟುಕೊಂಡಂತೆಯೇ. ಪೆಟ್ರೋಲ್ ಟ್ಯಾಂಕ್ ಅಲ್ಲೇ ಹತ್ತಿರದಲ್ಲಿರುತ್ತದೆ. ಹೊಸ ಫ್ಯೂಸೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಹೊರಗಿನಿಂದ ಹಾಕಿಸಿದ ಎಲ್‌ಇಡಿ, ಜೋರು ಹಾರ್ನ್, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಸೊಸೈಟಿಯ ಕೆಳಗೆ ನಿಲ್ಲುವ ಗಾಡಿಗಳ ವೈರನ್ನು ಇಲಿ ಕಡಿದಿರುವುದೂ ಅಪರೂಪವಲ್ಲ.

ನೀರಿನಲ್ಲಿ ಮುಳುಗಿದ ಗಾಡಿಯ ವಿಷಯವೇ ಬೇರೆ. 2019ರ ಜುಲೈ 27ರಂದು ಉಲ್ಲಾಸ್ ನದಿ ಉಕ್ಕಿ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಕ್ಕಿಬಿದ್ದದ್ದನ್ನು ಈ ಭಾಗದವರು ಮರೆತಿಲ್ಲ. ಅಂಥ ನೀರು ಗಾಡಿಯ ಸೀಟಿನ ಮಟ್ಟಕ್ಕೆ ಬಂದು ಇಳಿದಿದ್ದರೆ ಕೀ ಹಾಕಲೇಬೇಡಿ. ಸಿಲಿಂಡರಿನೊಳಗೆ ನೀರಿದ್ದು ಎಂಜಿನ್ ತಿರುಗಿಸಿದರೆ, ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಪ್ಲಗ್ ತೆಗೆಸಿ, ಏರ್ ಫಿಲ್ಟರ್, ಎಂಜಿನ್ ಆಯಿಲ್, ಬೆಲ್ಟಿನ ಕೋಣೆ ಎಲ್ಲ ನೋಡಿಸಿ, ಕನೆಕ್ಟರುಗಳನ್ನು ಒಣಗಿಸಿದ ಮೇಲಷ್ಟೇ ಕೀ.

ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಉಡುಪಿ, ವಿಜಯಪುರ, ಕಲಬುರ್ಗಿ ಕಡೆ ಊರಿಗೆ ಹೋಗುವ ಮನೆಗಳಿಗೆ ಒಂದು ಮಾತು. ಕೀ ತೆಗೆದಿಟ್ಟರೂ ಹೊರಗಿನಿಂದ ಹಾಕಿಸಿದ ಅಲಾರಂ, ಚಾರ್ಜರು ಸದ್ದಿಲ್ಲದೆ ಕರೆಂಟ್ ಕುಡಿಯುತ್ತಿರಬಹುದು. 50 ಮಿಲಿಆಂಪಿಯರ್ ಸೋರಿಕೆಯಿದ್ದರೂ 3 ಆಂಪಿಯರ್-ಅವರ್ ಬ್ಯಾಟರಿ 60 ಗಂಟೆಗಳಲ್ಲಿ, ಅಂದರೆ ನೀವು ಊರಿನಲ್ಲಿ ಮೂರನೆಯ ದಿನ ಕಾಣುವಷ್ಟರಲ್ಲಿ ಬರಿದು. ಹೊರಡುವ ಹಿಂದಿನ ದಿನ ಒಂದು ಉದ್ದದ ಓಟ ಓಡಿಸಿ ಬ್ಯಾಟರಿ ತುಂಬಿಸಿ, ಮೈನಸ್ ಬಿಚ್ಚಿ ತುದಿಗೆ ಟೇಪ್ ಸುತ್ತಿ. ಮರಳಿ ಬಂದಾಗ 12.4ಕ್ಕಿಂತ ಕಡಿಮೆ ತೋರಿಸಿದರೆ ಸ್ಟಾರ್ಟ್ ಒತ್ತದೆ, ಸಣ್ಣ ಬ್ಯಾಟರಿಗೆ ಮಾಡಿದ ಚಾರ್ಜರಿನಲ್ಲಿ, ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೆಯ ಒಂದು ಪಾಲು ಕರೆಂಟಿನಲ್ಲಿ, ಅಂದರೆ 3 ಆಂಪಿಯರ್-ಅವರಿಗೆ 0.3 ಆಂಪಿಯರಿನಂತೆ, ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿ. ಕಾರಿನ ಬ್ಯಾಟರಿಯ ದೊಡ್ಡ ಚಾರ್ಜರ್ ಹಚ್ಚಿದರೆ ಇಷ್ಟು ಚಿಕ್ಕ ಬ್ಯಾಟರಿ ಕಾದು ಉಬ್ಬುತ್ತದೆ.