ಸುಮ್ಮನಿರುವ ಕಂಪ್ಯೂಟರಿನ ವಿದ್ಯುತ್ ವೆಚ್ಚ

ಗೃಹಕೃತ್ಯದ ಆಯವ್ಯಯವನ್ನು ಬಲ್ಲವರು ಯಾವುದೇ ವಸ್ತುವಿನ ಕ್ರಯವನ್ನು ವಿಚಾರಿಸುವಂತೆಯೇ ಅದರ ಪಾಲನೆಯ ವೆಚ್ಚವನ್ನೂ ವಿಚಾರಿಸುತ್ತಾರೆ. ಮೇಜಿನ ಕಂಪ್ಯೂಟರನ್ನು ಕೊಳ್ಳುವಾಗ ಮಾತ್ರ ಈ ವಿವೇಕವನ್ನು ನಾವು ಮರೆಯುವುದುಂಟು. ಮಕ್ಕಳ ಪಾಠಕ್ಕೆಂದೋ, ಮನೆಯಿಂದಲೇ ಮಾಡುವ ಕಛೇರಿಯ ಕೆಲಸಕ್ಕೆಂದೋ ಬೆಳಗ್ಗೆ ಚಾಲೂ ಮಾಡಿದ ಯಂತ್ರವು ರಾತ್ರಿಯವರೆಗೂ ನಡೆಯುತ್ತಿರುತ್ತದೆ. ಅದು ನಿಜವಾಗಿ ದುಡಿಯುವ ಕಾಲ ಅತ್ಯಲ್ಪ. ಉಳಿದ ಹೊತ್ತೆಲ್ಲ ಅದು ಸುಮ್ಮನೆ ಕಾದಿರುತ್ತದೆ. ಮಲಗಿದ ಮನುಷ್ಯನಿಗೂ ಉಸಿರಾಟ ತಪ್ಪದಂತೆ, ಕಾದಿರುವ ಯಂತ್ರಕ್ಕೂ ವಿದ್ಯುತ್ತು ಬೇಕು.

ಮಾನಿಟರನ್ನು ಬಿಟ್ಟು ಲೆಕ್ಕ ಹಾಕೋಣ. ಸುಮ್ಮನಿದ್ದಾಗ ಒಂದು ಕಂಪ್ಯೂಟರು 60 ವಾಟ್, ಇನ್ನೊಂದು 20 ವಾಟ್ ಎಳೆಯುವುದೆಂದು ಭಾವಿಸಿ. ದಿನಕ್ಕೆ 16 ಗಂಟೆಯಂತೆ, 40 ವಾಟ್‌ಗಳ ಅಂತರವು ತಿಂಗಳಿಗೆ 19 ಯೂನಿಟ್ಟಿಗೂ ಮಿಗಿಲಾಗುತ್ತದೆ. ಇಷ್ಟೇ ತಾನೆ ಎನ್ನಬಾರದು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತೆಲಂಗಾಣದ ಗೃಹಬಳಕೆಯ ದರಪಟ್ಟಿಯಲ್ಲಿ, ತಿಂಗಳ ಬಳಕೆ 100 ಯೂನಿಟ್ ಮೀರಿ 200ರೊಳಗಿದ್ದರೆ ಮೊದಲ ನೂರಕ್ಕೆ 3.40 ರೂ., ಮುಂದಿನ ನೂರಕ್ಕೆ 4.80 ರೂ. ದರ. ಮೀರಿತೆಂದರೆ ಮೊದಲ 200 ಯೂನಿಟ್ಟಿಗೂ 5.10 ರೂ., ಮೇಲಿನ ನೂರಕ್ಕೆ 7.70 ರೂ. ಈ ದರದಂತೆ 185 ಯೂನಿಟ್ ಬಳಸುವ ಮನೆಯ ವಿದ್ಯುತ್ ಶುಲ್ಕ 748 ರೂ.; 204 ಯೂನಿಟ್ ಆದರೆ 1,050 ರೂ. 80 ಪೈಸೆ. ಹೆಚ್ಚಿನ 19 ಯೂನಿಟ್ ತಲಾ ಸುಮಾರು 16 ರೂಪಾಯಿಗೆ ಬಿದ್ದಂತಾಯಿತು!

ಹಾಗಾದರೆ ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿನಂಥ ಕಡೆ ಬಿಡಿಭಾಗಗಳನ್ನು ಆರಿಸುವಾಗ ಗಮನಿಸಬೇಕಾದುದೇನು?

ಮೊದಲನೆಯದು ಪ್ರೊಸೆಸರ್. ಪೆಟ್ಟಿಗೆಯ ಮೇಲೆ ಅಚ್ಚಾದ 65 ವಾಟ್, 35 ವಾಟ್ ಎಂಬ ಅಂಕಿಗಳು ದುಡಿಮೆಯ ಕಾಲಕ್ಕೆ ಸಂಬಂಧಿಸಿದವು; ವಿಶ್ರಾಂತಿಯ ವೆಚ್ಚವನ್ನು ಅವು ಹೇಳುವುದಿಲ್ಲ. ಇಂಟೆಲ್ ಸಂಸ್ಥೆಯ 35 ವಾಟ್‌ನ ‘ಟಿ’ ಮಾದರಿಯೂ ಅದೇ ವರ್ಗದ ಸಾಮಾನ್ಯ ಮಾದರಿಯೂ ಸುಮ್ಮನಿದ್ದಾಗ ಹೆಚ್ಚುಕಡಿಮೆ ಒಂದೇ. ಆದುದರಿಂದ ‘ಟಿ’ಗಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಪತ್ರವ್ಯವಹಾರ, ಲೆಕ್ಕಪತ್ರ, ಚಲನಚಿತ್ರ ವೀಕ್ಷಣೆ ಇವುಗಳಿಗೆ ಪ್ರೊಸೆಸರಿನೊಳಗೇ ಅಡಕವಾದ ಗ್ರಾಫಿಕ್ಸ್ ಯಥೇಷ್ಟ. ಪ್ರತ್ಯೇಕ ಕಾರ್ಡು ಏನೂ ಮಾಡದೆಯೇ ಸಾಮಾನ್ಯವಾಗಿ 10ರಿಂದ 20 ವಾಟ್ ನುಂಗುತ್ತದೆ.

ಮೂರನೆಯದು, ಬಹುಮಂದಿ ಗಮನಿಸದ ಪವರ್ ಸಪ್ಲೈ. 2004ರಲ್ಲಿ ಆರಂಭವಾದ ‘80 ಪ್ಲಸ್’ ಪ್ರಮಾಣಪತ್ರದ ಕಂಚು, ಬೆಳ್ಳಿ, ಚಿನ್ನದ ದರ್ಜೆಗಳು ಶೇ. 20, 50 ಮತ್ತು 100ರ ಭಾರದಲ್ಲಿ ಪರೀಕ್ಷಿತವಾದವು. 650 ವಾಟ್‌ನ ಸಪ್ಲೈಗೆ 30 ವಾಟ್ ಎಂಬುದು ಶೇ. 5ಕ್ಕೂ ಕಡಿಮೆ ಭಾರ. ಅಲ್ಲಿ ಅದರ ದಕ್ಷತೆ ಕುಸಿಯುತ್ತದೆ, ಚಿನ್ನದ ಮುದ್ರೆಯೂ ಆ ಸ್ಥಿತಿಗೆ ಭರವಸೆ ಕೊಡುವುದಿಲ್ಲ. ಅಗತ್ಯಕ್ಕೆ ತಕ್ಕ ಸಣ್ಣ ಸಪ್ಲೈಯೇ ಲೇಸು. ಲ್ಯಾಪ್‌ಟಾಪಿನ ಮಾದರಿಯ ಅಡಾಪ್ಟರಿನಿಂದ ನಡೆಯುವ ಪುಟ್ಟ ಕಂಪ್ಯೂಟರುಗಳು ಅನೇಕವೇಳೆ 10 ವಾಟ್ ಆಸುಪಾಸಿನಲ್ಲೇ ಕಾದಿರಬಲ್ಲವು.

ಇದಲ್ಲದೆ, ತಿರುಗುವ ದೊಡ್ಡ ಹಾರ್ಡ್ ಡಿಸ್ಕು ಕೆಲವು ವಾಟ್ ಬೇಡುವಲ್ಲಿ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಒಂದು ವಾಟೂ ಬೇಡ. ಮದರ್‌ಬೋರ್ಡಿನಲ್ಲಿ ಬಳಸದ ಸೌಕರ್ಯಗಳು ಕಡಿಮೆಯಿದ್ದಷ್ಟೂ ಒಳಿತು. ಬಯೋಸ್‌ನಲ್ಲಿ ‘ಸಿ-ಸ್ಟೇಟ್’ ಎಂಬ ನಿದ್ರಾವಸ್ಥೆಗಳು ಜಾರಿಯಲ್ಲಿವೆಯೇ ಎಂದು ಜೋಡಿಸುವವರನ್ನೇ ಕೇಳಿ. ಅರ್ಧ ಗಂಟೆ ಎದ್ದುಹೋಗುವುದಾದರೆ ಯಂತ್ರವನ್ನು ‘ಸ್ಲೀಪ್’ ಸ್ಥಿತಿಗೆ ತಳ್ಳುವುದಂತೂ ಖರ್ಚಿಲ್ಲದ ಉಪಾಯ.

ಯಂತ್ರ ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಸೇರುತ್ತದೆಂಬುದನ್ನೂ ಮರೆಯಬಾರದು. ಹೈದರಾಬಾದಿನ ಮೇ ತಿಂಗಳ ಸೆಕೆಯಲ್ಲಿ ಆ ಶಾಖವನ್ನು ಹೊರದೂಡಲು ಏರ್‌ಕಂಡೀಷನರು ಮತ್ತಷ್ಟು ವಿದ್ಯುತ್ತನ್ನು ಬಳಸುತ್ತದೆ. ಒಂದೇ ಸಾಲಕ್ಕೆ ಎರಡು ಬಡ್ಡಿ! ಕರೆಂಟು ಹೋದಾಗ ಯುಪಿಎಸ್ ಹೆಚ್ಚು ಹೊತ್ತು ಬಾಳುವುದೂ ಮಿತವ್ಯಯದ ಯಂತ್ರಕ್ಕೇ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಕ್ರಯವು ಒಮ್ಮೆ ಹೂಡುವ ಬಂಡವಾಳ. ಸುಮ್ಮನಿರುವಾಗಿನ ವಾಟ್‌ಗಳು ಪ್ರತಿ ತಿಂಗಳೂ ತೆರಬೇಕಾದ ಬಡ್ಡಿ. ಕೊಳ್ಳುವ ಮುನ್ನ ಅಂಗಡಿಯವರನ್ನು ವೇಗವೆಷ್ಟು ಎಂದು ಕೇಳುವ ನಾವು, ಸುಮ್ಮನಿದ್ದಾಗ ಎಷ್ಟು ವಾಟ್ ಎಂದೂ ಕೇಳುವ ಅಭ್ಯಾಸವಿಟ್ಟುಕೊಂಡರೆ ಹನಿಗೂಡಿ ಹಳ್ಳವಾಗುವುದರಲ್ಲಿ ಸಂದೇಹವಿಲ್ಲ.