ಹಳಿಗಳ ಮನೆಯಿಂದ ಹುಟ್ಟಿದ ನಕ್ಷೆ

ಭಾರತದಲ್ಲಿ ಒಂದು ಮನೆ ಎಷ್ಟು ನಡುಕ ತಾಳುವಂತಿರಬೇಕು ಎಂಬುದು ಅದು ನಿಂತ ನೆಲದ ಭೂಕಂಪ ವಲಯವನ್ನು ಅವಲಂಬಿಸಿದೆ. ಈ ಲೆಕ್ಕದ ಬೇರು ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿದೆ. 1931ರ ಆಗಸ್ಟ್‌ನಲ್ಲಿ ಅಲ್ಲಿನ ಮಚ್ ಸುತ್ತಮುತ್ತ ಭೂಮಿ ನಡುಗಿತು. ಬಳಿಕ ಎಸ್. ಎಲ್. ಕುಮಾರ್ ಎಂಬ ಯುವ ರೈಲ್ವೆ ಎಂಜಿನಿಯರ್ ಹಳೆಯ ರೈಲು ಹಳಿಗಳನ್ನೇ ಚೌಕಟ್ಟಾಗಿ ನಿಲ್ಲಿಸಿ ಕ್ವೆಟ್ಟಾದಲ್ಲಿ ರೈಲ್ವೆ ವಸತಿಗೃಹಗಳನ್ನು ವಿನ್ಯಾಸಗೊಳಿಸಿದರು. 1933ರ ಪ್ರಬಂಧದಲ್ಲಿ ಅದರ ಲೆಕ್ಕಾಚಾರವನ್ನು ವಿವರಿಸಿ, ದೇಶವನ್ನು ಅಪಾಯಕ್ಕೆ ತಕ್ಕಂತೆ ವಿಂಗಡಿಸಿದ ನಕ್ಷೆಯನ್ನೂ ಕೊಟ್ಟರು.

ಆ ವಿನ್ಯಾಸದ ಪರೀಕ್ಷೆ ಎರಡೇ ವರ್ಷಗಳಲ್ಲಿ ಎದುರಾಯಿತು. 1935ರ ಮೇ 31ರ ನಸುಕಿನಲ್ಲಿ, ಊರು ನಿದ್ದೆಯಲ್ಲಿದ್ದಾಗ, ಕ್ವೆಟ್ಟಾ ನೆಲಸಮವಾಯಿತು. ಸತ್ತವರು ಕಡಿಮೆಯೆಂದರೂ 30,000 ಮಂದಿ. ಕುಮಾರರ ಮನೆಗಳು ಮಾತ್ರ ನಿಂತಿದ್ದವು. ಊರನ್ನು ಮತ್ತೆ ಕಟ್ಟುವಾಗ ಕಟ್ಟುನಿಟ್ಟಿನ ನಿಯಮಗಳು ಬಂದವು. ಇಟ್ಟಿಗೆ ಗೋಡೆಯ ಒಳಗೆ ಪೊಳ್ಳು ಬಿಟ್ಟು, ಕಂಬಿ ಇಳಿಸಿ, ಗಾರೆ ತುಂಬುವ ಕಟ್ಟಡ ಕ್ರಮಕ್ಕೆ ಆ ಊರಿನ ಹೆಸರೇ ನಿಂತಿತು. ಕುಮಾರರ ಹೆಸರನ್ನು ಮಾತ್ರ ತಜ್ಞರ ಚಿಕ್ಕ ವಲಯದ ಆಚೆ ಯಾರೂ ನೆನೆಯುವುದಿಲ್ಲ. ಇದು ನೋವಿನ ಸಂಗತಿ.

ಸ್ವತಂತ್ರ ಭಾರತದ ಮೊದಲ ಭೂಕಂಪ ಸಂಹಿತೆ, ಐಎಸ್ 1893, ಹೊರಬಂದದ್ದು 1962ರಲ್ಲಿ. ಅದು ದೇಶವನ್ನು ಸೊನ್ನೆಯಿಂದ ಆರರವರೆಗೆ ಏಳು ವಲಯಗಳಾಗಿ ಹಂಚಿತು. ಮನೆ ಕಟ್ಟುವ ಕ್ರಮವನ್ನು ಹೇಳುವ ಐಎಸ್ 4326 ಬಂದದ್ದು 1967ರಲ್ಲಿ. ಅದೇ ಡಿಸೆಂಬರ್‌ನಲ್ಲಿ, ಭದ್ರವೆಂದು ನಂಬಿದ್ದ ದಖ್ಖನ್ನಿನ ಕೊಯ್ನಾ ಕಂಪಿಸಿತು. 1970ರ ಪರಿಷ್ಕರಣೆಯಲ್ಲಿ ಸೊನ್ನೆ ವಲಯವನ್ನೇ ಕೈಬಿಟ್ಟು, ವಲಯಗಳನ್ನು ಐದಕ್ಕೆ ಇಳಿಸಲಾಯಿತು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪಕ್ಕೆ ಸಿಕ್ಕಿ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿ ಮಣ್ಣುಪಾಲಾಯಿತು. ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ಒಂದನೇ ವಲಯ. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ, ಮಾಳಿಗೆಯ ಮೇಲೆ ಹೇರಿದ ಮಣ್ಣು: ಜನ ಸತ್ತದ್ದು ಈ ಭಾರದಡಿ. ಅಂಥ ಮಾಳಿಗೆ ಮನೆಗಳು ಗಡಿಯ ಈಚೆ ಬೀದರ್, ಕಲಬುರಗಿಯ ಹಳ್ಳಿಗಳಿಗೂ ಪರಿಚಿತವೇ. 2002ರಲ್ಲಿ ಒಂದನೇ ವಲಯವೂ ಎರಡರಲ್ಲಿ ಕರಗಿತು.

ಹೀಗೆ ಉಳಿದವು ಎರಡರಿಂದ ಐದರವರೆಗಿನ ನಾಲ್ಕು ವಲಯಗಳು. 2002ರ ಆ ಸಂಹಿತೆಯಲ್ಲಿ ನಡುಕದ ತೀವ್ರತೆ ಸೂಚಿಸುವ ಅವುಗಳ ಗುಣಾಂಕ 0.10, 0.16, 0.24 ಮತ್ತು 0.36. ಬೆಂಗಳೂರು, ಮೈಸೂರು ಎರಡರಲ್ಲಿ, ಮಂಗಳೂರು, ಕಾರವಾರ, ಬೆಳಗಾವಿ ಮೂರರಲ್ಲಿ, ದೆಹಲಿ ನಾಲ್ಕರಲ್ಲಿ, ಭುಜ್, ಗುವಾಹಟಿ ಐದರಲ್ಲಿ. ಈ ಗುಣಾಂಕದ ಜೊತೆಗೆ ಮಣ್ಣಿನ ಬಗೆ, ಕಟ್ಟಡದ ಮಹತ್ವ, ಮುರಿಯದೆ ಬಾಗುವ ಅದರ ಗುಣ ಸೇರಿ ತಳಕ್ಕೆ ಅಡ್ಡಲಾಗಿ ಬೀಳುವ ಬಲದ ಲೆಕ್ಕ ಸಿಗುತ್ತದೆ.

ಇಟ್ಟಿಗೆ, ಕಲ್ಲಿನ ಸಾಮಾನ್ಯ ಮನೆಗೆ ಇಷ್ಟೆಲ್ಲ ಗಣಿತ ಬೇಕಿಲ್ಲ. ಐಎಸ್ 4326ರ ಕೋಷ್ಟಕದಲ್ಲಿ ಎರಡನೇ ವಲಯದ ಮನೆ ‘ಬಿ’ ವರ್ಗ, ಮೂರನೆಯದು ‘ಸಿ’, ನಾಲ್ಕನೆಯದು ‘ಡಿ’, ಐದನೆಯದು ‘ಇ’. ಆಸ್ಪತ್ರೆ, ಶಾಲೆಗಳಂಥ ಮಹತ್ವದ ಕಟ್ಟಡ ಒಂದು ಮೆಟ್ಟಿಲು ಮೇಲೇರುತ್ತದೆ. ‘ಇ’ಯ ಮೇಲೆ ಮೆಟ್ಟಿಲಿಲ್ಲ. ವರ್ಗ ಏರಿದಂತೆ ಮೂಲೆಗಳಲ್ಲಿ ನೆಟ್ಟಗೆ ನಿಲ್ಲುವ ಕಂಬಿಗಳು ಬೇಕಾಗುತ್ತವೆ. ಬಾಗಿಲು-ಕಿಟಕಿಗಳ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತಿ ಬಿಗಿಯುವ ಲಿಂಟೆಲ್ ಪಟ್ಟಿ ‘ಬಿ’ಯಿಂದಲೇ ಶುರು. ಒಂದನೇ ವಲಯ ಅಳಿದ ಮೇಲೆ ‘ಎ’ ವರ್ಗಕ್ಕೆ ಸೇರುವ ಮನೆಯೇ ದೇಶದಲ್ಲಿ ಉಳಿಯಲಿಲ್ಲ.